ಹೂಂಮಣಿಯ ದೋಣಿ

ದೋಣಿ ಮುಳುಗಿದರೆ ಮುಳುಗಲಿ, ನೋಡುವುದಕ್ಕೆ ಯಾರೂ ಬರದಿದ್ದರೆ ಸಾಕು. ಬೆಳಿಗ್ಗೆ ಹಲ್ಲುಜ್ಜುತ್ತ ಅವಳು ತನಗೆ ತಾನೇ ಒಪ್ಪಿಸಿಕೊಂಡ ಚಿಂತೆ ಇದು. ಬಾಯಿ ಮುಕ್ಕಳಿಸಿದ ಮೇಲೆ ಅದರ ಬೆನ್ನಿಗೇ ಇನ್ನೊಂದು ಬಂತು. ಯಾರೂ ಬರದೇ ಹೋದರೆ, ಆ ದೋಣಿಯನ್ನು ಮಾಡಿದವಳು ತಾನು ಅಂತ ಗೊತ್ತಾಗುವುದಾದರೂ ಯಾರಿಗೆ? ಎರಡು ಚಿಂತೆಗಳೂ ಒಂದಕ್ಕೊಂದು ಬೆನ್ನು ಹಾಕಿ ಕೂತವು. ಅವಳು ಮುಖ ಒರೆಸಿಕೊಂಡು ಹಿತ್ತಲಿಗೆ ಹೋದಳು.

ಬೀದಿಯವರು ಅವಳಿಗೆ ಇಟ್ಟ ಹೆಸರು ಹೂಂಮಣಿ. ಏನು ಕೇಳಿದರೂ ಹೂಂ ಅನ್ನುತ್ತಾಳೆಂದು. ಇದು ಶುದ್ಧ ಅನ್ಯಾಯ. ಅವಳು ಅರ್ಧಕ್ಕರ್ಧ ಸಲ ಹೇಳುತ್ತಿದ್ದದ್ದು ‘ಊಹೂಂ’ ಎಂದೇ. ಆದರೆ ಸಂಕೋಚದ ಪ್ರಾಣಿ. ಮೊದಲಿನ ಊಕಾರ ಗಂಟಲು ದಾಟುವ ಹೊತ್ತಿಗೆ ನಾಚಿ ಹಿಂದಕ್ಕೆ ಹೋಗಿಬಿಡುತ್ತಿತ್ತು, ಹೊರಗೆ ಬರುತ್ತಿದ್ದದ್ದು ಬಾಲ ಮಾತ್ರ. ಡಿಗ್ರಿ ಮುಗಿಸಿ ಕೆಲಸದ ಸಂದರ್ಶನಕ್ಕೆ ಹೋದಾಗ “ಮೊದಲು ಎಲ್ಲಾದ್ರೂ ಕೆಲಸ ಮಾಡಿದೀರಾ?” ಅಂದರು. ಊಹೂಂ ಅಂದಳು. “ಭೇಷ್, ಎಲ್ಲಿ?” ಅಂದರು. ಅಲ್ಲಿಗೆ ಆ ಕೆಲಸದ ಕತೆ ಮುಗಿಯಿತು.

ಮನೆಯಲ್ಲಿ ಕೂತ ಆ ದಿನಗಳಲ್ಲೇ ಅವಳ ಕಣ್ಣಿಗೆ ದೋಣಿ ಬಿದ್ದದ್ದು. ಬೀದಿಯ ಕೊನೆಯ ಗುಜರಿ ಅಂಗಡಿಯಲ್ಲಿ ಒಡೆದ ಬಾಟಲಿಗಳನ್ನು ತುಂಬಿಸಿಕೊಂಡು ಮಲಗಿತ್ತು. ಅಲ್ಯೂಮಿನಿಯಂ ದೋಣಿ. ಯಾವುದೋ ಕಾಲದಲ್ಲಿ ಯಾವುದೋ ಉದ್ಯಾನದ ಕೊಳದಲ್ಲಿ ಮಕ್ಕಳನ್ನು ಸುತ್ತಾಡಿಸಿ ಸುಸ್ತಾದದ್ದು. ಬಣ್ಣ ಹಪ್ಪಳದಂತೆ ಎದ್ದಿತ್ತು, ಅಂಚು ನೆಗ್ಗಿತ್ತು, ತಗಡುಗಳನ್ನು ಒಂದಕ್ಕೊಂದು ಬಿಗಿದಿದ್ದ ರಿವೆಟ್ಟುಗಳು ಮುದುಕರ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಅವಳಿಗೆ ಅದನ್ನು ನೋಡಿದ ತಕ್ಷಣ ಹೊಳೆದದ್ದು ಒಂದೇ: ಮೀನು ಹಿಡಿಯುವವರನ್ನು ಯಾರೂ ಮಾತಾಡಿಸುವುದಿಲ್ಲ. ಮಾತಾಡಿದರೆ ಮೀನು ಓಡಿಹೋಗುತ್ತದೆ. ಮಾತು ಬಾರದವರಿಗೆಂದೇ ದೇವರು ಮಾಡಿಟ್ಟ ಕೆಲಸ!

ಅದನ್ನು ಕೊಂಡು ಬೀದಿಯ ವೆಲ್ಡರ್ ಹತ್ತಿರ ಒಯ್ದಾಗ ಅವನು ಬೆರಳಲ್ಲಿ ತಟ್ಟಿ ನೋಡಿ, “ಇದು ನನ್ನ ಮಿಷನ್ನಿಗೆ ಬಗ್ಗೋ ಮಾಲಲ್ಲ ತಾಯಿ, ಮುಟ್ಟಿದ್ರೆ ತೂತು ಬೀಳುತ್ತೆ” ಎಂದು ಕೈ ಝಾಡಿಸಿಬಿಟ್ಟ. ಹಾಗಾಗಿ ಅವಳೇ ಕಲಿತಳು. ಮೊದಲು ದೋಣಿಯನ್ನು ಕಲ್ಲುಗಳ ಮೇಲೇರಿಸಿ ಒಳಗೆ ನೀರು ತುಂಬಿಸಿದಳು. ಆಮೇಲೆ ಅಡಿಗೆ ತೆವಳಿ, ಎಲ್ಲೆಲ್ಲಿ ಹನಿ ಜಿನುಗುತ್ತದೋ ಅಲ್ಲೆಲ್ಲ ಕೆಂಪು ಬಳಪದಿಂದ ಸುತ್ತು ಹಾಕಿದಳು. ಮುಗಿಯುವ ಹೊತ್ತಿಗೆ ದೋಣಿಗೆ ದಡಾರ ಎದ್ದಂತಿತ್ತು. ರಿವೆಟ್ ಬಡಿಯಲು ಇಬ್ಬರು ಬೇಕು: ಒಬ್ಬರು ಒಂದು ಕಡೆಯಿಂದ ಕಬ್ಬಿಣದ ಗಟ್ಟಿ ಒತ್ತಿಹಿಡಿಯಬೇಕು, ಇನ್ನೊಬ್ಬರು ಆಚೆಯಿಂದ ಸುತ್ತಿಗೆಯಲ್ಲಿ ಬಡಿಯಬೇಕು. ‘ಸ್ವಲ್ಪ ಹಿಡ್ಕೋತೀರಾ’ ಎಂದು ಯಾರನ್ನಾದರೂ ಕೇಳುವ ಬದಲು ಅವಳು ದೋಣಿಯನ್ನು ಮಗ್ಗುಲಿಗೆ ಮಲಗಿಸಿ, ಅಂಚಿನ ಮೇಲೆ ಕುದುರೆ ಹತ್ತಿದಂತೆ ಕೂತು, ಗಟ್ಟಿಯನ್ನು ಹಿಮ್ಮಡಿಯಿಂದ ಒತ್ತಿಹಿಡಿದು ಬಡಿದಳು. ಹಿಮ್ಮಡಿ ಊದಿತು. ರಿವೆಟ್ ಕೂತಿತು. ಒಂದಾದ ಮೇಲೆ ಒಂದು ಕೂರುತ್ತ ಹೋದವು.

ಆಮೇಲೆ ಉಜ್ಜಿ, ಬಣ್ಣ ಬಳಿದು, ತಳಕ್ಕೆ ಪ್ಲೈವುಡ್ ಹಲಗೆ ಹಾಸಿದಳು. ಹಿಡಿದ ಮೀನು ಹಾಕಲು ಮುಚ್ಚಳದ ಪೆಟ್ಟಿಗೆ, ಗಾಳದ ಕೋಲು ನಿಲ್ಲಿಸಲು ಅಂಚಿಗೆ ಕೊಳವೆಯ ತುಂಡುಗಳು. ಕಡೆಯ ಸಲ ನೀರು ತುಂಬಿಸಿ ಅಡಿಗೆ ತೆವಳಿದಾಗ ಒಂದು ಹನಿಯೂ ಇರಲಿಲ್ಲ. ಅಲ್ಲೇ ಮಲಗಿಕೊಂಡು ಒಣ ಹೊಟ್ಟೆಯನ್ನು ಅಂಗೈಯಿಂದ ಸವರುತ್ತ, ಮೊದಲ ರ‍್ಯಾಂಕ್ ಬಂದ ಮಗುವಿನ ತಾಯಿಯ ಹಾಗೆ ಬೀಗಿದ್ದಳು. ಆದರೆ ಆ ಬೀಗುವಿಕೆಯನ್ನು ಕಂಡದ್ದು ಒಂದು ಇರುವೆ ಮಾತ್ರ.

ಇವತ್ತು ಅದನ್ನು ಸದ್ದಿಲ್ಲದೆ ಕೆರೆಗಿಳಿಸುವುದೆಂದು ಅವಳ ಲೆಕ್ಕ. ಹಿತ್ತಲಿಗೆ ಬಂದು ನೋಡಿದರೆ ದೊಡ್ಡಪ್ಪ ಆಗಲೇ ದೋಣಿಯೊಳಗೆ ನಿಂತಿದ್ದರು. ದೊಡ್ಡಪ್ಪ ರಿಟೈರಾದವರು. ಆಫೀಸು ಅವರನ್ನು ಬಿಟ್ಟರೂ ಅವರು ಆಫೀಸನ್ನು ಬಿಟ್ಟಿರಲಿಲ್ಲ. ಅಲ್ಲಿ ಕೂತಿದ್ದ ತಿರುಗುವ ಕುರ್ಚಿಯನ್ನೂ ಹರಾಜಿನಲ್ಲಿ ಹಿಡಿದು ಮನೆಗೆ ತಂದಿದ್ದರು.

“ಏ ಮರಿ, ಇಷ್ಟೊಂದು ಜಾಗ ಇದೆ, ಕೂರೋಕೆ ಒಂದು ಮರ್ಯಾದಸ್ಥ ಆಸನ ಬೇಡ್ವೇ? ನನ್ನ ಕುರ್ಚಿ ಜಡಿದುಬಿಡ್ಲಾ?”

“(ಊ)ಹೂಂ.”

“ಅದಕ್ಕೇ ಕಣೆ ನೀನಂದ್ರೆ ನಂಗಿಷ್ಟ. ಒಂದೇ ಮಾತಿಗೆ ಒಪ್ತೀಯ!”

ಕುರ್ಚಿ ಜಡಿಯಲು ವೆಲ್ಡರ್ ಬಂದ. ಅವನ ಡ್ರಿಲ್ ಗುರ್ ಅಂದಾಗಲೆಲ್ಲ ಅವಳ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಹಲಗೆಯಲ್ಲೇ ನಿಂತಿತು, ತಳ ಮುಟ್ಟಲಿಲ್ಲ. ಸದ್ದು ಕೇಳಿ ಎದುರುಮನೆ ಟೈಲರ್ ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಓಡಿಬಂದ.

“ಅಬ್ಬಬ್ಬಾ! ವೆಲ್ಡರ್ ಅಣ್ಣ, ಎಂಥಾ ಕೈಚಳಕ ಮಾರಾಯ ನಿಂದು! ತಿಪ್ಪೇಲಿ ಬಿದ್ದದ್ದನ್ನ ತೇರು ಮಾಡ್ಬಿಟ್ಟಿದೀಯಲ್ಲ! ಏನಮ್ಮ, ಇದೆಲ್ಲ ಅಣ್ಣಂದೇ ಕೆಲಸ ತಾನೆ?”

“(ಊ)ಹೂಂ!” ಅಂದಳು ಅವಳು, ಇದ್ದಬದ್ದ ಶಕ್ತಿ ಹಾಕಿ. ಹೆಚ್ಚಿದ ಶಕ್ತಿಯೆಲ್ಲ ಬಾಲಕ್ಕೇ ಹೋಯಿತು.

“ನೋಡು, ಎಷ್ಟು ಗಟ್ಟಿಯಾಗಿ ಹೇಳ್ತು ಮಗು!”

ವೆಲ್ಡರ್ ಒಂದು ಗಳಿಗೆ ತಬ್ಬಿಬ್ಬಾದ. ಆದರೆ ತಾನಾಗಿ ಬಂದ ಹೊಗಳಿಕೆಯನ್ನು ಬಾಗಿಲಿಂದ ಅಟ್ಟುವವರು ಯಾರು? “ಏನೋ, ನಮ್ಮ ಕೈಲಾದದ್ದು” ಎಂದು ಕಣ್ಣು ಕೆಳಗೆ ಹಾಕಿದ. ಅವಳಿಗೆ ಹಿಮ್ಮಡಿ ಚುರುಕ್ಕೆಂದಿತು.

ಟೈಲರ್ ಸುಮ್ಮನಿರುವ ಆಸಾಮಿಯೇ? “ಬಿಸಿಲಿಗೆ ನೆರಳು ಬೇಡ್ವಾ? ಚಪ್ಪರ ಹೊಲಿದುಕೊಡ್ಲಾ?” ಎಂದ. ಅವಳು ಅಂದದ್ದೇ ಅಂದಳು, ಅವನಿಗೆ ಕೇಳಿಸಿದ್ದೇ ಕೇಳಿಸಿತು. ಸ್ವಲ್ಪ ಹೊತ್ತಿಗೆಲ್ಲ ಗುಲಾಬಿ ಬಣ್ಣದ, ಸುತ್ತಲೂ ಜಾಲರಿ ಇಳಿಬಿಟ್ಟ ಚಪ್ಪರವೊಂದು, ಅವಳು ಗಾಳದ ಕೋಲಿಗೆಂದು ಕೂರಿಸಿದ್ದ ಕೊಳವೆಗಳಲ್ಲಿ ಬಿದಿರು ನೆಟ್ಟು ನಿಂತಿತು. ದೋಣಿ ಈಗ ಮೀನು ಹಿಡಿಯುವುದಕ್ಕಿಂತ ವಧುವನ್ನು ಕರೆತರುವುದಕ್ಕೆ ಲಾಯಕ್ಕಾಗಿತ್ತು.

ಅಷ್ಟರಲ್ಲಿ ಮೂಲೆಮನೆ ಚಿಕ್ಕಮ್ಮ ಬಂದರು. ನಿಜವಾದ ಚಿಕ್ಕಮ್ಮ ಅಲ್ಲ. ಇಡೀ ಬೀದಿಗೆ ಚಿಕ್ಕಮ್ಮ. “ಏನೇ ಹೂಂಮಣಿ, ಗಾಳ ಹಾಕೋಕೆ ಹೊರಟಿದೀಯಂತೆ? ಯಾವನೇ ಆ ಮೀನು?”

ಎಲ್ಲರೂ ಘೊಳ್ಳೆಂದರು. ಅವಳ ಕಿವಿ ಕೆಂಡವಾಯಿತು.

“ತಮಾಷೆಗೆ ಅಂದೆ ಬಿಡೇ. ನಾನೂ ಬರ್ಲಾ?”

ಈ ಸಲ ಅವಳು ಊಹೂಂ ಅನ್ನಲೇ ಇಲ್ಲ, ತಲೆ ಅಲ್ಲಾಡಿಸಿದಳು. “ಹೂಂ ಅನ್ನೋಕೂ ನಾಚಿಕೆ ನೋಡು ಪಾಪ” ಎಂದು ಚಿಕ್ಕಮ್ಮ ಚಪ್ಪಲಿ ಹಾಕಿಕೊಂಡು ಬರಲು ಓಡಿದರು.

ಹೀಗೆ, ಒಬ್ಬಳೇ ಹೋಗಬೇಕಾಗಿದ್ದವಳ ಜೊತೆ ದೊಡ್ಡಪ್ಪ, ಟೈಲರ್, ವೆಲ್ಡರ್, ಚಿಕ್ಕಮ್ಮ, ಚಿಕ್ಕಮ್ಮನ ಚಹಾ ಫ್ಲಾಸ್ಕು ಎಲ್ಲ ಬಾಡಿಗೆ ಟೆಂಪೋ ಹತ್ತಿ ಕೆರೆಗೆ ಬಂದವು. ದೋಣಿಯನ್ನು ನೀರಿಗೆ ತಳ್ಳಿದರು. ಅವಳು ಉಸಿರು ಬಿಗಿಹಿಡಿದಳು. ದೋಣಿ ಒಮ್ಮೆ ಮೂತಿ ಅದ್ದಿ, ಆಮೇಲೆ ಬಾತುಕೋಳಿಯಂತೆ ನೆಟ್ಟಗೆ ಕೂತಿತು. ಎಲ್ಲರೂ ಹತ್ತಿದರು. ಅಂಚಿಗೂ ನೀರಿಗೂ ಒಂದು ಗೇಣು ಉಳಿದಿತ್ತಷ್ಟೆ. ಅವಳು ಬಗ್ಗಿ ಹಲಗೆಯ ಸಂದಿಯಲ್ಲಿ ಬೆರಳಿಟ್ಟು ನೋಡಿದಳು. ಒಣ! ಇಷ್ಟು ಜನರ ತೂಕ, ಅದರಲ್ಲೂ ಚಿಕ್ಕಮ್ಮನ ತೂಕ, ಆದರೂ ಒಣ! ಹುಟ್ಟು ಹಾಕುತ್ತ ಅವಳು ಯಾರಿಗೂ ಕಾಣದಂತೆ ನಕ್ಕಳು.

“ನೋಡಿದ್ಯಾ ವೆಲ್ಡರೇ, ಒಂದು ತೊಟ್ಟು ನೀರು ಬರ್ತಿಲ್ಲ” ಎಂದರು ಚಿಕ್ಕಮ್ಮ.

“ನಮ್ಮ ಮಾಲು ಹಾಗೇ ಚಿಕ್ಕಮ್ಮ” ಎಂದ ವೆಲ್ಡರ್. ಬೆಳಿಗ್ಗೆಯ ನಾಚಿಕೆ ಆಗಲೇ ಒಣಗಿತ್ತು.

“ಐಡಿಯಾ ಯಾರದು ಅಂತ?” ದೊಡ್ಡಪ್ಪ ಕುರ್ಚಿಯಲ್ಲಿ ಒರಗಿಕೊಂಡರು.

“ಏನೇ ಹೇಳಿ, ಅದಕ್ಕೊಂದು ಕಳೆ ಬಂದದ್ದು ಚಪ್ಪರದಿಂದ” ಎಂದ ಟೈಲರ್.

ಅವಳು ಬಾಯಿ ತೆರೆದಳು. ಬಾಯಿಗೆ ಗಾಳಿ ಹೋಯಿತು, ಮುಚ್ಚಿದಳು.

“ಎಲ್ಲಿ, ಮೊದಲ ಗಾಳ ಹಿರಿಯನ ಕೈಯಿಂದಲೇ ಆಗ್ಲಿ!” ಎಂದು ದೊಡ್ಡಪ್ಪ ಅವಳ ಪಕ್ಕದಲ್ಲಿದ್ದ ಗಾಳದ ಕೋಲು ಎತ್ತಿಕೊಂಡು ಬೀಸಿದರು. ಗಾಳ ಮುಂದಕ್ಕೆ ಹೋಗುವ ಬದಲು ಕುರ್ಚಿ ತಿರುಗಿತು. ಆಫೀಸಿನಲ್ಲಿ ಇಷ್ಟು ವರ್ಷ ಅವರನ್ನು ಹೊತ್ತು ಒಮ್ಮೆಯೂ ಇಷ್ಟು ಚುರುಕಾಗಿರದ ಕುರ್ಚಿ ಇವತ್ತು ಬುಗುರಿಯಾಯಿತು. ಗಾಳ ಚಿಕ್ಕಮ್ಮನ ತುರುಬು ಸವರಿ, ಟೈಲರನ ಟೇಪು ಎಗರಿಸಿ, ಚಪ್ಪರದ ಜಾಲರಿಗೆ ಸಿಕ್ಕಿಕೊಂಡಿತು. ದೊಡ್ಡಪ್ಪ ಎಳೆದರು. ಚಪ್ಪರದ ಒಂದು ಮಗ್ಗುಲು ಕಳಚಿ ಗಾಳಿಗೆ ಬಿಚ್ಚಿಕೊಂಡು, ಉಬ್ಬಿ, ಸಾಕ್ಷಾತ್ ಹಾಯಿಯಾಗಿ ನಿಂತಿತು.

ದೋಣಿ ಓಡತೊಡಗಿತು.

“ನಿಲ್ಸೇ! ಬ್ರೇಕ್ ಹಾಕೇ!” ಎಂದು ಚಿಕ್ಕಮ್ಮ ಕೂಗಿದರು.

“ಬಟ್ಟೆ ಹರೀಬೇಡಿ, ಮಾರಿದ ಮಾಲಲ್ಲ ಅದು!” ಟೈಲರ್.

ಅವಳು ಎರಡು ಹುಟ್ಟನ್ನೂ ನೀರಲ್ಲಿ ಅಡ್ಡ ಹಿಡಿದಳು. ಗುಲಾಬಿ ಹಾಯಿಯ ಮುಂದೆ ಅವಳ ತೋಳು ಯಾವ ಲೆಕ್ಕ? ನೀರಲ್ಲಿ ನೆಟ್ಟಿದ್ದ ‘ಪ್ರವೇಶವಿಲ್ಲ’ ಎಂಬ ಹಲಗೆಯ ಪಕ್ಕದಲ್ಲೇ, ಅದಕ್ಕೊಂದು ನಮಸ್ಕಾರ ಹೊಡೆಯುವ ಹಾಗೆ ಬಾಗಿ, ದೋಣಿ ಒಳಹೊಕ್ಕಿತು. ಕುಡಿಯುವ ನೀರಿನ ಪಂಪ್‌ಹೌಸಿನ ಕಬ್ಬಿಣದ ಕಂಬಕ್ಕೆ ಧಡ್ ಎಂದು ಗುದ್ದಿ ನಿಂತಿತು. ಕಂಬ ಗುಂಯ್‌ಗುಟ್ಟಿತು. ಚಿಕ್ಕಮ್ಮ ಟೈಲರನ ತೊಡೆಯ ಮೇಲಿದ್ದರು. ಅವಳು ಮಾತ್ರ ಮೂತಿಯ ಕಡೆ ಬಗ್ಗಿ ಕೈಯಾಡಿಸಿದಳು. ಸಣ್ಣದೊಂದು ನೆಗ್ಗು. ರಿವೆಟ್ಟುಗಳಲ್ಲಿ ಒಂದೂ ಮಿಸುಕಿರಲಿಲ್ಲ. ಅಷ್ಟು ಗಲಾಟೆಯ ನಡುವೆ ಅವಳ ಎದೆ ಗುಲಾಬಿ ಚಪ್ಪರಕ್ಕಿಂತ ಹೆಚ್ಚು ಉಬ್ಬಿತು.

ಪೀ ಎಂದು ಸೀಟಿ. ಕೆರೆಯ ಕಾವಲುಗಾರ ಮೆಟ್ಟಿಲಿಳಿದು ಬಂದ. ಎಲ್ಲರನ್ನೂ ದಡಕ್ಕಿಳಿಸಿ, ದೋಣಿಯನ್ನು ಕಂಬಕ್ಕೆ ಕಟ್ಟಿಸಿದ.

“ಪರವಾನಗಿ ಇಲ್ಲದ ದೋಣಿ, ಅದೂ ನಿಷೇಧದ ಜಾಗದಲ್ಲಿ! ಯಾರಪ್ಪ ಇದನ್ನ ಮಾಡಿದೋರು?”

ಬೆಳಗಿನಿಂದ ಆ ಪ್ರಶ್ನೆಗೆ ಬೇಕಾದಷ್ಟು ಉತ್ತರಗಳಿದ್ದವು. ಈಗ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

“ನಾನು ಬರೀ ಎರಡು ಬೋಲ್ಟ್ ಹಾಕಿದೀನಿ ಸಾರ್, ಅದೂ ಕುರ್ಚಿಗೆ” ಎಂದ ವೆಲ್ಡರ್. “ದೋಣಿಯ ಮೈ ಮುಟ್ಟಿದ್ರೆ ಕೇಳಿ!”

“ನಂದು ಬಟ್ಟೆ ಬರೆ ಸಾರ್, ಲೋಹದ ಕಡೆ ತಲೇನೂ ಹಾಕಲ್ಲ” ಎಂದ ಟೈಲರ್.

“ನಾನು ಹಿರಿಯ ನಾಗರಿಕ” ಎಂದರು ದೊಡ್ಡಪ್ಪ.

ಕಾವಲುಗಾರ ಆಕಳಿಸಿದ. ಅವನಿಗೆ ಮನೆಗೆ ಹೋಗುವ ಹೊತ್ತಾಗಿತ್ತು, ಕೆಟ್ಟವನೇನೂ ಅಲ್ಲ. “ನೋಡಿ, ಇದು ದೋಣಿ ಅಂತಾದ್ರೆ ಜಪ್ತಿ ಮಾಡ್ಬೇಕು. ನಮ್ಮ ಶೆಡ್ಡಿಗೆ ಹೋದದ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಗುಜರಿ ಅಂತಾದ್ರೆ ನಂಗೇನು? ನೀರಲ್ಲಿ ಬಿದ್ದಿದ್ದ ಗುಜರಿ ಎತ್ಕೊಂಡು ಹೋದ್ರು ಅಂತ ಬರ್ಕೋತೀನಿ. ಗುಜರಿಗೆ ಪರವಾನಗಿ ಬೇಕಿಲ್ಲ.”

ದೊಡ್ಡಪ್ಪನ ಮುಖ ಅರಳಿತು. “ಗುಜರಿನೇ ಸ್ವಾಮಿ! ಅಪ್ಪಟ ಗುಜರಿ! ಗುಜರಿ ಅಂಗಡಿಯಿಂದಲೇ ತಂದದ್ದು!”

“ತಗಡು ಸಾರ್, ತಗಡು” ಎಂದ ವೆಲ್ಡರ್ ಉತ್ಸಾಹದಿಂದ. “ಆ ರಿವೆಟ್ ನೋಡಿ, ಯಾರೋ ತಲೆ ಇಲ್ಲದೋರು ಬಡಿದಿರೋದು. ನಾಳೆ ನಾಡಿದ್ದರಲ್ಲಿ ಉದುರಿಹೋಗುತ್ತೆ.”

“ಕೋಳಿ ಮುಚ್ಚೋಕೂ ಆಗಲ್ಲ” ಎಂದರು ಚಿಕ್ಕಮ್ಮ. “ಕೋಳಿಗೂ ಒಂದು ಮರ್ಯಾದೆ ಇರುತ್ತಲ್ಲ!”

“ಇದನ್ನ ದೋಣಿ ಅಂದ್ರೆ ದೋಣಿಗಳೆಲ್ಲ ಸೇರಿ ಕೇಸು ಹಾಕ್ತವೆ” ಎಂದ ಟೈಲರ್.

ಎಲ್ಲರೂ ಅವಳ ದೋಣಿಯನ್ನು ಉಳಿಸಲೆಂದೇ ಬೈಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಒಬ್ಬೊಬ್ಬರ ಮಾತೂ ಸುತ್ತಿಗೆಯ ಪೆಟ್ಟಿನ ಹಾಗೆ ಬೀಳುತ್ತಿತ್ತು. ಈ ಸಲ ಒತ್ತಿಹಿಡಿಯಲು ಆಚೆ ಕಡೆ ಏನೂ ಇರಲಿಲ್ಲ. ಕಂಬಕ್ಕೆ ಕಟ್ಟಿದ್ದ ದೋಣಿ ಅಲೆಗೆ ಮೆಲ್ಲಗೆ ತೂಗುತ್ತಿತ್ತು. ಒಳಗೆ ಒಂದು ಹನಿ ನೀರಿಲ್ಲ.

ಕಾವಲುಗಾರ ಪೆನ್ನು ತೆಗೆದು ಅವಳ ಕಡೆ ತಿರುಗಿದ. “ತಂದದ್ದು ನೀನು ತಾನೆ ಅಮ್ಮ? ನಿನ್ನ ಬಾಯಲ್ಲೇ ಕೇಳ್ಬಿಡ್ತೀನಿ. ಇದು ಗುಜರಿ, ಅಲ್ವಾ?”

ದೊಡ್ಡಪ್ಪ ನಿಶ್ಚಿಂತೆಯಿಂದ ಕೈ ಉಜ್ಜಿಕೊಂಡರು. ಚಿಕ್ಕಮ್ಮ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ ಹೊರಡಲು ಸಿದ್ಧರಾದರು. ಈ ಹುಡುಗಿ ಏನು ಹೇಳುತ್ತಾಳೆಂದು ಇಡೀ ಬೀದಿಗೆ ಗೊತ್ತಿತ್ತಲ್ಲ!

ಅವಳು ಕಾವಲುಗಾರನ ಮುಖ ನೋಡಿದಳು, ವೆಲ್ಡರನ ಮುಖ ನೋಡಿದಳು, ಕಡೆಗೆ ದೋಣಿಯನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು. ಬಂದ ದನಿ ಎಷ್ಟು ದೊಡ್ಡದಿತ್ತೆಂದರೆ ಪಂಪ್‌ಹೌಸಿನ ಗೋಡೆ ಅದನ್ನು ಇನ್ನೊಮ್ಮೆ ಹೇಳಿತು.

“ಗುಜರಿ ಅಲ್ಲ ಸಾರ್, ದೋಣಿ. ಅದರ ಒಂದೊಂದು ರಿವೆಟ್ಟೂ ನಾನೇ ಬಡಿದಿದ್ದು.”