ಗುಡಿ ತೂಬು ಮತ್ತು ನನ್ನ ಭಾನುವಾರಗಳು

ಹೆಸರಿಡುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ತೊಟ್ಟಿಲ ಸುತ್ತ ನಿಂತವರೆಲ್ಲ ಒಂದೊಂದು ಹೆಸರು ಕೂಗಿದರೂ ಮಗು ತಕರಾರು ಮಾಡುವುದಿಲ್ಲ. ಕಂಪ್ಯೂಟರ್ ಅಷ್ಟು ಒಳ್ಳೆಯದಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ವೆಲ್ಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನೊಂದು ಪುಟ್ಟ ಪ್ರಶ್ನೆಭಾಷೆ ಕಟ್ಟುತ್ತಿದ್ದೇನೆ. ಕಾಲುವೆಯ ತೂಬುಗಳಲ್ಲಿ ನೀರಿನ ಮಟ್ಟ ಗಂಟೆಗಂಟೆಗೂ ದಾಖಲಾಗುತ್ತದೆ. ಯಾವ ತೂಬು, ಯಾವಾಗಿನಿಂದ ಯಾವಾಗಿನವರೆಗೆ ಎಂದು ಈ ಭಾಷೆಯಲ್ಲಿ ಬರೆದು ಕೇಳಿದರೆ ಕಂಪ್ಯೂಟರ್ ಉತ್ತರ ಕೊಡಬೇಕು.

ಅದನ್ನು ಮೊದಲು ಬಳಸಿದವಳು ನನ್ನ ಹೆಂಡತಿ ಗಿರಿಜಾ. ಅವಳಿಗೆ ಸಿರುಗುಪ್ಪದ ಕಾಲುವೆ ಕಚೇರಿಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ಹಚ್ಚೊಳ್ಳಿಯ ನೀರು ನೋಡಲು, ಊರವರು ಕರೆಯುವಂತೆಯೇ 'ಗುಡಿ ತೂಬು' ಎಂದಷ್ಟೇ ಬರೆದು ಕೇಳಿದಳು. ಹನುಮಪ್ಪನ ಗುಡಿಯಿಲ್ಲದ ಊರು ನಮ್ಮ ಕಡೆ ಎಲ್ಲಿದೆ? ಹಚ್ಚೊಳ್ಳಿಗೂ ಒಂದು ಗುಡಿ ತೂಬು, ಕುರುಗೋಡಿಗೂ ಒಂದು. ಕಂಪ್ಯೂಟರ್ ಎಲ್ಲ ಗುಡಿಗಳ ನೀರನ್ನೂ ಕೂಡಿಸಿ ತೋರಿಸಿತು.

"ರೀ, ನಿಮ್ಮ ಕಂಪ್ಯೂಟರ್ ನೋಡಿದ್ರ ಹಚ್ಚೊಳ್ಳಿ ಮುಳುಗಿ ಹೋಗೈತಿ. ಅಲ್ಲಿ ನೋಡಿದ್ರ ನೀರಗಂಟಿ ಕಾಲುವ್ಯಾಗ ಚಪ್ಲಿ ಹಾಕ್ಕೊಂಡು ಅಡ್ಡಾಡಾಕತ್ಯಾನ" ಎಂದು ಫೋನಿನಲ್ಲಿ ನಕ್ಕಳು.

ಅವಮಾನವಾಗಿ ನಿಯಮ ಮಾಡಿದೆ. ಮೊದಲು ಊರು, ಆಮೇಲೆ ಜಾಗ, ಕೊನೆಗೆ ಅಳೆಯಬೇಕಾದದ್ದು, ನಡುನಡುವೆ ಚುಕ್ಕಿ. ನಿನ್ನೆ ಮೊನ್ನೆ ಎಂದರೆ ನಡೆಯುವುದಿಲ್ಲ, ತಾರೀಖು ಬೇಕು. ಇಷ್ಟಕ್ಕೇ ಎರಡು ತಿಂಗಳು ಹಿಡಿಯಿತು. ಶನಿವಾರ ಬಂದರೆ ಗಿರಿಜಾಳ ಫೋನು: "ನಾಳೆ ಬರ್ತೀರೇನ್ರಿ? ಉಗ್ಗಾಣಿ ಮಾಡ್ತೀನಿ." ನನ್ನದು ಒಂದೇ ಉತ್ತರ: "ಇದೊಂದು ಹೆಸರು ಸರಿಯಾಗ್ಲಿ, ಬಂದ್ಬಿಡ್ತೀನಿ." ಬಸ್ಸಿನಲ್ಲಿ ಎರಡು ಗಂಟೆಯೂ ಆಗದ ದಾರಿ ಅದು. ಹಾಗಂತ ಅವಳ ನೆನಪು ಕಾಡಲಿಲ್ಲವೆಂದಲ್ಲ. ಸಂಜೆ ಕೆಳಗಿನ ವೆಲ್ಡಿಂಗ್ ಸದ್ದು ನಿಂತೊಡನೆ ಕೋಣೆ ಭಣಭಣ ಎನ್ನುತ್ತಿತ್ತು. ಎದುರಿಗೆ ಕೂತು, ಮಾತಾಡುತ್ತಲೇ ನನ್ನ ತಟ್ಟೆಯ ಮಿರ್ಚಿಗೆ ಕೈಹಾಕುವ ಅವಳು ಬೇಕು ಎಂದು ಜೀವ ಹಾತೊರೆಯುತ್ತಿತ್ತು. ಆದರೂ ಹೋಗಲಿಲ್ಲ. ಕೆಲಸ ಮುಗಿಸಿಯೇ ಹೋದರೆ ನಿಶ್ಚಿಂತೆಯಿಂದ ಇರಬಹುದು ಎಂಬುದು ನನ್ನ ಜಾಣತನ.

ಕಳೆದ ಸೋಮವಾರ ಅವಳೇ ಫೋನು ಮಾಡಿದಳು. "ನಾನೂ ಒಂದು ಹೊಸ ಹೆಸರು ಸೇರಿಸೀನಿ. ನಿಮ್ಮ ನಿಯಮದಂಗ ಐತೇನು, ತೆಗೆದು ನೋಡ್ರಿ."

ತೆಗೆದೆ. 'ಸಿರುಗುಪ್ಪ.ಮನೆ.ಗಂಡ' ಎಂದಿತ್ತು. ಎರಡು ತಿಂಗಳ ತಾರೀಖುಗಳು, ಭಾನುವಾರಕ್ಕೊಂದು ಸಾಲು. ಎಂಟು ಸಾಲು, ಎಂಟರಲ್ಲೂ ಸೊನ್ನೆ.

"ಹೆಸರು ಸರಿ ಐತೇನ್ರಿ?" ಎಂದಳು. ದನಿಯಲ್ಲಿ ನಗುವಿರಲಿಲ್ಲ.

"ಸರಿ ಐತಿ."

"ಉತ್ತರ?"

ಎರಡು ತಿಂಗಳು ನನ್ನ ಭಾಷೆಯ ತಪ್ಪುಗಳನ್ನು ಶಪಿಸಿದವನು, ಅಂದು ಒಂದೇ ಒಂದು ತಪ್ಪು ಸಿಗಲಪ್ಪಾ ಎಂದು ಹಂಬಲಿಸುತ್ತ, ಫೋನು ಕಿವಿಗಿಟ್ಟುಕೊಂಡೇ ಸಾಲುಸಾಲಾಗಿ ಹುಡುಕಿದೆ. ಒಂದೂ ಸಿಗಲಿಲ್ಲ.