ಯಾರಿಗೂ ತಿಳಿಯದ ಒಂದು ಸಾಲು

ಬರಿಯೂ ಕೆಲಸ ಕೈಗೆ ಬಂತಂದ್ರ ಇಂಥಾವು ಆಗೂವ. ತಿಳಿಲಾರದಂಗ ಬರದ್ರ ಒಂದು ಫಜೀತಿ, ತಿಳಿಯೂವಂಗ ಬರದ್ರ ಬ್ಯಾರೆ ಫಜೀತಿ. ಎರಡನ್ನೂ ನಾ ಒಂದ ಹಂಗಾಮಿನ್ಯಾಗ ಕಂಡಾಂವ.

ಎಂಬತ್ತರ ದಶಕ ಮುಗಿಯಾಕ ಬಂದಿತ್ತು. ಹಾರೂಗೇರಿ ಸನೇದ ಒಂದು ಊರಾಗ, ಸಂತಿ ಬಯಲಿನ ಬಾಜೂಕ, ದನದ ದವಾಖಾನಿ. ಅಲ್ಲಿ ನಾನು ಕಂಪೌಂಡರ್. ಅಕ್ಷರ ದುಂಡಗ ಅದಾವು ಅಂತ ಹಲಗಿ ಮ್ಯಾಲ ಬರಿಯೂದು, ಹ್ಯಾಂಡ್‌ಬಿಲ್ ಹಂಚೂದು ಎಲ್ಲಾ ನನ್ನ ಕೊರಳಿಗೆ ಬಿದ್ದಿತ್ತು. ಡಾಕ್ಟ್ರು ಮೈಸೂರ ಕಡೆಯವರು, ವಯಸ್ಸಿನ್ಯಾಗ ಸಣ್ಣವರು. ಕೈಗುಣ ಭಾಳ ಚಲೋ, ಒದಿಯೂ ಎಮ್ಮಿ ಸುದ್ದಾ ಅವರ ಮುಂದ ಸುಮ್ನ ನಿಲ್ತಿತ್ತು. ಆದ್ರ ಪೆನ್ನು ಹಿಡದ್ರು ಅಂದ್ರ ಅವರ ಕನ್ನಡ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದು ಕುರ್ಚಿ ಮ್ಯಾಲ ಕುಂದರತಿತ್ತು.

ಇನ್ನ ನಮ್ಮ ಅತ್ತಿ. ಅತ್ತಿ ಅಂದ್ರ ನಮ್ಮಪ್ಪನ ಖಾಸ ಅಕ್ಕ, ಆಕಿ ಮಗಳನ್ನ ನನಗ ಕೊಟ್ಟಿದ್ದು. ಹಿಂಗಾಗಿ ಅಳಿಯಾ ಅನ್ನೂ ಮರ್ಯಾದಿ ಆಕಿ ನನಗ ಎಂದೂ ಕೊಡಲಿಲ್ಲ, ತಮ್ಮನ ಮಗಾ ಅಂತ ಬೈದದ್ದ ಹೆಚ್ಚು. ಪಾಲಬಾವಿಯಾಗ ಆಕಿಗೆ ಅಂಗೈಯಷ್ಟು ಹೊಲ, ನಾಕೈದು ಆಡು, ಒಂದು ಎಮ್ಮಿ. ಮನಿ ನಡೀತಿದ್ದದ್ದು ಎಮ್ಮಿ ಹಾಲಿನ ಮ್ಯಾಲ.

ಆ ವರ್ಷ ಕಬ್ಬಿನ ಹಂಗಾಮು ಸುರು ಆಗೂ ಹೊತ್ತಿಗೆ ಅಥಣಿ ಕಡೆ ಕಾಲಬ್ಯಾನಿ ಬಾಯಿಬ್ಯಾನಿ ಬಿದ್ದೈತಿ ಅಂತ ಸುದ್ದಿ ಬಂತು. ಈ ಬ್ಯಾನಿ ಬಂದ ಎಮ್ಮಿಗೆ ಬಾಯಾಗ ಹುಣ್ಣು, ಗೊರಸಿನ್ಯಾಗ ಹುಣ್ಣು. ಮೇವು ಮುಟ್ಟಂಗಿಲ್ಲ, ಹಾಲು ಕೊಡಂಗಿಲ್ಲ. ಕಬ್ಬಿನ ಗಾಡಿ ಎಳಿಯೂ ಎತ್ತು ಊರೂರು ತಿರಗ್ತಾವ, ಅವುಗಳ ಸಂಗಾಟ ಬ್ಯಾನಿನೂ ತಿರಗ್ತೈತಿ. ಅದು ಪಾಲಬಾವಿಗೆ ಬರೂದ್ರೊಳಗ ದನಕ್ಕ ಸೂಜಿ ಮಾಡಬೇಕಿತ್ತು. ಔಷಧದ ಬಾಟಲಿ ಒಮ್ಮೆ ಒಡದ್ರ ಅವತ್ತ ಮುಗಿಸಬೇಕು, ಒಂದು ಎಮ್ಮಿ ಸಲುವಾಗಿ ಒಡಿಯಾಕ ಬರಂಗಿಲ್ಲ. ಊರು ಬಂದ್ರ ಅತ್ತಿ ಎಮ್ಮಿ ಉಳೀತೈತಿ, ಇಲ್ಲಂದ್ರ ಇಲ್ಲ. ನನಗ ಅದ ಚಿಂತಿ.

೧. ಕೊರಳಾಗಿನ ಕಾಗದ

ಮೊದಲನೇ ಹ್ಯಾಂಡ್‌ಬಿಲ್ ಡಾಕ್ಟ್ರ ಬರದ್ರು. "ಜಾನುವಾರುಗಳಲ್ಲಿ ಕಂಡುಬರುವ ಸಾಂಕ್ರಾಮಿಕ ರೋಗದ ನಿಯಂತ್ರಣಾರ್ಥವಾಗಿ ಸೋಮವಾರದಂದು ರೋಗನಿರೋಧಕ ಲಸಿಕಾ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು, ಜಾನುವಾರು ಪಾಲಕರು ಸದರಿ ಕಾರ್ಯಕ್ರಮದ ಸದುಪಯೋಗವನ್ನು ಪಡೆದುಕೊಳ್ಳತಕ್ಕದ್ದು" ಅಂತ. ಹಾರೂಗೇರಿಯಾಗ ಗುಲಾಬಿ ಕಾಗದದ ಮ್ಯಾಲ ಅಚ್ಚು ಹಾಕಿಸಿ, ಪಾಲಬಾವಿಯಾಗ ಮನಿ ಮನಿಗೆ ಕೊಟ್ಟು ಬಂದೆ.

"ಏನಲೇ ಇದು?" ಅಂತ ಅತ್ತಿ ಕೇಳಿದ್ಲು.

"ಎಮ್ಮಿ ಸಲುವಾಗಿ ಐತಿ. ಯಾರ ಕಡೆನಾರ ಓದಿಸ್ಕೋ" ಅಂತ ಹೇಳಿ ಬಸ್ ಹಿಡದೆ.

ಸೋಮವಾರ ಬರ್ಫದ ಡಬ್ಬಿಯೊಳಗ ಔಷಧ ಇಟ್ಕೊಂಡು ಪಾಲಬಾವಿ ಬೇವಿನ ಗಿಡದ ಕೆಳಗ ಕುಂತ್ವಿ. ಹೊತ್ತು ನೆತ್ತಿಗೆ ಬಂತು. ಒಂದು ನಾಯಿ ಬಂದು ಡಬ್ಬಿ ಮೂಸಿ ನೋಡಿ ಹೋತು. ಒಬ್ಬ ಮನಶ್ಯಾ ಬಂದು, "ಐಸ್‌ಕ್ಯಾಂಡಿ ಎಷ್ಟಕ್ಕೊಂದ್ರಿ?" ಅಂತ ಕೇಳಿದ. ದನಾ ಮಾತ್ರ ಒಂದೂ ಬರಲಿಲ್ಲ.

ಕಡೀಕ ನಾವ ಎದ್ದು ಅತ್ತಿ ಮನಿಗೆ ಹೋದ್ವಿ. ಒಳಗ ನೋಡಿದ್ರ ದೇವರ ಜಗಲಿ ಮ್ಯಾಲ ನಮ್ಮ ಗುಲಾಬಿ ಹ್ಯಾಂಡ್‌ಬಿಲ್. ಅದಕ್ಕ ಭಂಡಾರ, ಕುಂಕುಮ. ಮುಂದ ಊದಿನಕಡ್ಡಿ ಹೊಗಿ ಏಳಾಕತ್ತಿತ್ತು.

"ಅತ್ತಿ, ಏನ ಮಾಡೀದಿ ಇದು?"

"ನೀನ ಹೇಳಿದೆಲ್ಲೋ ಎಮ್ಮಿ ಸಲುವಾಗಿ ಐತಿ ಅಂತ. ಬಾಜೂ ಮನಿ ಸೊಸಿ ಕಡೆ ಓದಿಸಿದೆ. ಚಂದ ಓದಿದ್ಲು, ಒಂದಕ್ಷರ ತಿಳೀಲಿಲ್ಲ. ದೇವರದ ಏನರ ಇರಬೇಕಂತ ದಿನಾ ಪೂಜಿ ಮಾಡಾಕತ್ತೀನಿ."

ಬಾಜೂ ಮನ್ಯಾವರು ಇನ್ನೂ ಶಾಣ್ಯಾರು. ಅವರು ಕಾಗದ ಸಣ್ಣಗ ಮಡಚಿ, ಕರಿ ದಾರ ಸುತ್ತಿ, ತಮ್ಮ ಎಮ್ಮಿ ಕೊರಳಿಗೆ ತಾಯತ ಮಾಡಿ ಕಟ್ಟಿದ್ರು. ಡಾಕ್ಟ್ರು ಆ ತಾಯತ ಹಿಡದು ಹೊಳ್ಳಿಸಿ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರಗಿ, "ನೋಡ್ರೀ, ಮಾಹಿತಿ ಜಾನುವಾರುಗಳಿಗೇ ನೇರವಾಗಿ ತಲುಪಿಬಿಟ್ಟಿದೆ" ಅಂದ್ರು.

೨. ಊಟದ ಹಲಗಿ

ತಾಯತ ಕಂಡ ಮ್ಯಾಲ ಡಾಕ್ಟ್ರು ಪೂರಾ ಬದಲಾದ್ರು. "ಇನ್ನು ಮೇಲೆ ದವಾಖಾನೆಯಲ್ಲಿ ಏನು ಬರೆದರೂ ಜನ ಮಾತಾಡೋ ಹಾಗೇ ಬರೀಬೇಕು. ಮೊದಲು ಹೊರಗಿನ ಹಲಗೆಯಿಂದಲೇ ಶುರು ಮಾಡಿ" ಅಂದ್ರು.

ಬಾಗಲದಾಗಿನ ಕರಿ ಹಲಗಿ ಮ್ಯಾಲ ನಾ ನೌಕರಿಗೆ ಬರೂಕಿಂತ ಮೊದಲಿಂದ ಒಂದು ಬರಹ ಇತ್ತು. "ವೈದ್ಯಾಧಿಕಾರಿಗಳು ಮಧ್ಯಾಹ್ನದ ವಿರಾಮದಲ್ಲಿದ್ದು ತದನಂತರ ಲಭ್ಯರಿರುತ್ತಾರೆ." ಅದನ್ನ ಒರಸಿ ಬಿಳಿ ಸುಣ್ಣದ ಖಡು ತಗೊಂಡು ಬರದೆ: "ಡಾಕ್ಟ್ರು ಊಟಕ್ಕ ಹೋಗ್ಯಾರ. ಬರ್ತಾರ. ನಿಂದರ್ರಿ."

ಮೊದಲನೇ ದಿನಾನ ಒಬ್ಬ ಅಜ್ಜ ಹಲಗಿ ಓದಿ ನನ್ನ ಕರದು, "ಏನ್ ಅಡಿಗಿರಿ ಇವತ್ತ ಡಾಕ್ಟ್ರ ಮನ್ಯಾಗ?" ಅಂತ ಕೇಳಿದ. ಹಳೇ ಬರಹ ಇದ್ದಾಗ ಇಂಥಾ ಪ್ರಶ್ನಿ ಯಾರೂ ಕೇಳಿದ್ದಿಲ್ಲ. ಮಾತಾಡಿದಂಗ ಬರದ ಕೂಡ್ಲೆ ಮಂದಿ ಹಲಗಿ ಜೋಡಿ ಮಾತಾಡಾಕ ಹತ್ತಿದ್ರು. ಡಾಕ್ಟ್ರಿಗೆ ಇದು ಭಾಳ ಖುಷಿ ಆತು.

ಸಂತಿ ದಿನ ಬಂತು. ನಾವಿಬ್ಬರೂ ಊಟಾ ಮುಗಿಸಿ ತಿರಗಿ ಬಂದ್ವಿ. ದವಾಖಾನಿ ಕಟಾಂಜನದ ಸರಳಿಗೆ ಸಾಲಿಗೆ ಸಾಲ ಎಮ್ಮಿ ಕಟ್ಯಾರ, ಮನಶ್ಯಾರು ಒಬ್ಬರೂ ಇಲ್ಲ. ಕಿಟಕಿಯಾಗ ಇಟ್ಟಿದ್ದ ಖಡು ಯಾರೋ ತಗೊಂಡು, ನಾ ಬರದದ್ದರ ಕೆಳಗ ಉತ್ತರ ಬರದು ಹೋಗಿದ್ರು: "ನಾವು ಸಂತಿಗೆ ಹೋಗೇವಿ. ಬರ್ತೀವಿ. ಎಮ್ಮಿ ನಿಂತಾವ."

೩. ಜ್ವಾಳದ ಚೀಲ

ಹಲಗಿಯಿಂದ ಧೈರ್ಯ ಬಂದು ಎರಡನೇ ಹ್ಯಾಂಡ್‌ಬಿಲ್ ನನ್ನ ಕಡೆನ ಬರಿಸಿದ್ರು. "ನಿಮ್ಮತ್ತೆಗೆ ತಿಳಿದರೆ ತಾಲೂಕಿಗೆಲ್ಲ ತಿಳಿದ ಹಾಗೆ" ಅಂದ್ರು. ನಾ ಅತ್ತಿ ಮುಂದ ಕುಂತಾಳ ಅಂತನ ತಿಳಕೊಂಡು ಬರದೆ:

"ಕಾಲಬ್ಯಾನಿ ಬಾಯಿಬ್ಯಾನಿ ಬರಾಕತ್ತೈತಿ. ಬಂದ್ರ ಎಮ್ಮಿ ಮೇವು ತಿನ್ನಂಗಿಲ್ಲ, ಹಾಲು ಕೊಡಂಗಿಲ್ಲ. ಸೋಮವಾರ ಮುಂಜಾನೆ ಬೇವಿನ ಗಿಡದ ಕೆಳಗ ದನಾ ಹಿಡಕೊಂಡು ಬರ್ರಿ. ಸೂಜಿ ಮಾಡ್ತೀವಿ. ಪುಕ್ಕಟ ಐತಿ."

ಪಾಲಬಾವಿ ಚಾದಂಗಡಿಯೊಳಗ ಒಬ್ಬರು ಹಿರ್ಯಾರು ಇದ್ರು, ಊರೆಲ್ಲಾ ಅವರಿಗೆ ತಾತ್ಯಾ ಅಂತಿತ್ತು. ಕಬ್ಬಿನ ಹೊಲದವರು, ಬಿಳಿ ಟೊಪಿಗಿ, ಕಾಗವಾಡ ಕಡೆ ಬೀಗತನ ಇದ್ದದ್ದಕ್ಕ ಬಾಯಾಗ ಅರ್ಧ ಮರಾಠಿ. ದಿನಾ ಪೇಪರ್ ಅವರ ಓದಬೇಕು, ಉಳದವರು ಕೇಳಬೇಕು. ಖರೆ ಯಾವ್ದು ಸುಳ್ಳು ಯಾವ್ದು ಅಂತ ತೀರ್ಪು ಕೊಡಾವರೂ ಅವರ. ನನ್ನ ಹ್ಯಾಂಡ್‌ಬಿಲ್ ಒಂದ ಉಸರಿನ್ಯಾಗ ಓದಿದ್ರು, ಎಲ್ಲಾರಿಗೂ ಸ್ವಚ್ಛ ತಿಳೀತು. ತಾತ್ಯಾ ಕಾಗದ ಹಿಂದ ಮುಂದ ಹೊಳ್ಳಿಸಿ ನೋಡಿ, "ಹೇ ಕಾಯ್ ಖರಂ ನಾಯ್. ಖರೆ ಅಲ್ಲ ಇದು, ಸರಕಾರದ್ದಲ್ಲ" ಅಂದ್ರು.

"ಯಾಕ್ರಿ ತಾತ್ಯಾ?" ಅಂತ ಕೇಳಾಕ ಕುಂತವರಾಗ ಒಬ್ಬ ಅಂದ.

"ಸರಕಾರದ್ದ ಆಗಿದ್ರ ನಿನಗ ತಿಳೀತಿತ್ತೇನ?"

ಅಷ್ಟ ಸಾಕಾತು. ಇದು ಔಷಧದ ಅಂಗಡ್ಯಾವರ ಆಟ ಅಂತ ಒಬ್ಬ ಅಂದ. ಇಲೆಕ್ಷನ್ ಬಂದಿರಬೇಕು ಅಂತ ಇನ್ನೊಬ್ಬ ಅಂದ. ಸೋಮವಾರ ಮತ್ತ ನಾವಿಬ್ಬರೂ, ಬರ್ಫದ ಡಬ್ಬಿ, ಬೇವಿನ ಗಿಡ. ನಾಯಿ ಸುದ್ದಾ ಈ ಸಲ ದೂರದಿಂದ ನೋಡಿ ಹೋತು.

ಅದರ ಮರುದಿನ ಸಂಜಿಕ ಮನಿಗೆ ಬಂದ್ರ ಪಡಸಾಲ್ಯಾಗ ಒಂದು ಚೀಲ ಜ್ವಾಳ. ಹೆಂಡತಿ ಮಾರಿ ಸಣ್ಣದು ಮಾಡ್ಕೊಂಡು ನಿಂತಿದ್ಲು.

"ಎಲ್ಲಿದಿದು?" ಅಂತ ಕೇಳಿದೆ.

"ಅವ್ವ ಕಳಿಸ್ಯಾಳ್ರಿ. ನಿಮ್ಮ ನೌಕರಿ ಹೋಗೈತಂತಲ್ಲ. 'ಕಾಗದ ಓದಿಸಿ ಕೇಳೀನಿ, ಪಾಪ, ನಮ್ಮಂಥಾವರು ಮಾತಾಡಿದಂಗ ಬರದಾನ, ಸರಕಾರದವರು ಕೈ ಬಿಟ್ಟಂಗ ಕಾಣ್ತೈತಿ. ಇನ್ನೊಂದು ನೌಕರಿ ಸಿಗೂ ಮಟಾ ಹೊಟ್ಟಿಗೆ ತ್ರಾಸ ಮಾಡ್ಕೋಬ್ಯಾಡ್ರಿ' ಅಂತ ಹೇಳಿ ಕಳಿಸ್ಯಾಳ."

೪. ಕಡೀ ಸಾಲು

ಬ್ಯಾನಿ ಗಡಿ ದಾಟಿ ನಮ್ಮ ತಾಲೂಕಿನೊಳಗ ಬಂತು. ನನಗ ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚಿಗಿ ಅಂಜಿಕಿ ಬಂದಿತ್ತು. ಜ್ವಾಳದ ಚೀಲ ಬಸ್ಸಿನ ಮ್ಯಾಲ ಹಾಕ್ಕೊಂಡು ನೆಟ್ಟಗ ಅತ್ತಿ ಮನಿಗೆ ಹೋದೆ.

"ನೌಕರಿ ಹೋಗಿಲ್ಲ, ನಿನ್ನ ಎಮ್ಮಿ ಹೋಗ್ತೈತಿ ನೋಡು. ಇಷ್ಟ ತಿಳಿಸಿ ಬರದ್ರೂ ಯಾಕ ಬರಲಿಲ್ಲ?"

ಅತ್ತಿ ಎಮ್ಮಿ ಮೈ ತಿಕ್ಕಾಕತ್ತಿದ್ಲು. ಕೈ ನಿಲ್ಲಿಸದನ ಅಂದ್ಲು, "ನೀ ಬರದದ್ದು ನಾನೂ ಹೇಳ್ತಿದ್ದೆ. ಅದಕ್ಕ ಸರಕಾರ ಯಾಕ ಬೇಕು? ಸರಕಾರದ ಕಾಗದ ಅಂದ ಮ್ಯಾಲ ಒಂದರ ತಿಳಿಲಾರದ್ದು ಇರಬೇಕಪಾ. ಆವಾಗ ಅಂಜಿಕಿ ಬರ್ತೈತಿ."

ಇದನ್ನ ಡಾಕ್ಟ್ರಿಗೆ ಹೇಳಿದೆ. ಅವರು ನನ್ನ ಹ್ಯಾಂಡ್‌ಬಿಲ್ ಮುಂದ ಎಳಕೊಂಡು ಮತ್ತೊಮ್ಮೆ ಓದಿದ್ರು. ಆಮ್ಯಾಲ, "ಮೇಲಿಂದೆಲ್ಲ ನಿಮ್ಮದೇ ಇರಲಿ. ಕೆಳಗೆ ಒಂದು ಸಾಲಿಗೆ ಜಾಗ ಬಿಡಿ" ಅಂದ್ರು. ಅಂಗಿ ತೋಳು ಏರಿಸಿ, ಭಾಳ ದಿನಾ ಉಪವಾಸ ಇದ್ದಾಂವ ತಾಟಿನ ಮುಂದ ಕುಂತಂಗ ಕುಂತು ಬರದ್ರು: "ಮೇಲ್ಕಾಣಿಸಿದ ವಿಷಯವು ಉಲ್ಲೇಖಿತ ಸುತ್ತೋಲೆಯನ್ವಯ ಯಥೋಚಿತ ಕ್ರಮಾನುಷ್ಠಾನಕ್ಕೊಳಪಟ್ಟಿರತಕ್ಕದ್ದು."

"ಇದರ ಅರ್ಥ ಏನ್ರಿ ಸರ್?"

"ನನಗೂ ಗೊತ್ತಿಲ್ಲ. ಸಿಕ್ಕಾ ಎಲ್ಲಿದೆ?"

ಕೆಳಗ ಒಂದು ನೇರಳೆ ಸಿಕ್ಕಾ ಒತ್ತಿ ಹಂಚಿದ್ವಿ. ಚಾದಂಗಡಿಯೊಳಗ ತಾತ್ಯಾ ಮ್ಯಾಲಿನ ಸಾಲೆಲ್ಲಾ ಕುಂತ ಓದಿದ್ರು. ಕಡೀ ಸಾಲಿಗೆ ಬಂದ ಮ್ಯಾಲ ಎರಡ ಸಲ ತಡವರಿಸಿ, ಕಾಗದ ಕೆಳಗಿಟ್ಟು, ಟೊಪಿಗಿ ಸರಿ ಮಾಡ್ಕೊಂಡು ಎದ್ದು ನಿಂತ್ರು. "ಆತಾ ಹೇ ಖರಂ. ಸೋಮವಾರ ಎಲ್ಲಾರೂ ದನಾ ಹೊಡಕೊಂಡು ನಡೀರಿ" ಅಂದ್ರು.

ಸೋಮವಾರ ಊರಿಗೆ ಊರ ಬೇವಿನ ಗಿಡದ ಕೆಳಗ ಬಂದಿತ್ತು. ಆದ್ರ ಮುಂದ ಬರಾಕ ಯಾರೂ ತಯಾರಿಲ್ಲ. "ಕಂಪೌಂಡರ್ ಅತ್ತಿ ಎಮ್ಮಿಗೆ ಮೊದ್ಲ ಮಾಡ್ರಿ, ಆಮ್ಯಾಲ ನಮ್ಮವು" ಅಂದ್ರು. ಅತ್ತಿ ಎಮ್ಮಿ ಹಗ್ಗ ಹಿಡದು ಮುಂದ ಬಂದ್ಲು. ಡಾಕ್ಟ್ರು ಸೂಜಿ ಎತ್ತಿದ್ರು. ಅಷ್ಟರಾಗ ಅತ್ತಿ ಸೆರಗಿನ ಗಂಟು ಬಿಚ್ಚಿ ಹ್ಯಾಂಡ್‌ಬಿಲ್ ಹೊರಗ ತಗದ್ಲು.

"ತಡೀರಿ ಸಾಹೇಬ್ರ. ಈ ಕಡೀ ಸಾಲಿನ್ಯಾಗ ಏನ ಬರದೈತಿ ಹೇಳ್ರಿ. ಸೂಜಿ ಚುಚ್ಚಿ ಹಾಲು ನಿಂತ್ರ ಸರಕಾರಕ್ಕ ಸಂಬಂಧ ಇಲ್ಲ ಅಂತ ಐತೇನ?"

ಹಿಂದಿನವರು ಒಬ್ಬೊಬ್ಬರ ಹಗ್ಗ ಹಿಂದಕ್ಕ ಜಗ್ಗಾಕ ಹತ್ತಿದ್ರು. ಡಾಕ್ಟ್ರು ಸುಳ್ಳು ಹೇಳೂ ಪೈಕಿ ಅಲ್ಲ, ಖರೆ ಹೇಳಿದ್ರ ಊರು ಮನಿಗೆ ಹೋಗ್ತಿತ್ತು. ಅವರು ನನ್ನ ಮಾರಿ ನೋಡಿದ್ರು. ನನಗ ಆ ಎಮ್ಮಿ ಬಿಟ್ಟು ಬ್ಯಾರೆ ಏನೂ ಕಾಣವಲ್ದಾಗಿತ್ತು.

"ಅತ್ತಿ," ಅಂದೆ, "ಅದರ ಅರ್ಥ ಹಿಂಗ ಗಿಡದ ಕೆಳಗ ನಿಂತು ಹೇಳಾಕ ಬರೂವಂಗಿದ್ರ ಅದು ಸರಕಾರದ್ದ ಹೆಂಗ ಆಗತಿತ್ತು?"

ಅತ್ತಿ ತಾತ್ಯಾನ ಕಡೆ ನೋಡಿದ್ಲು. ತಾತ್ಯಾ, "ಬರೋಬರ" ಅಂದ್ರು.

"ಅದೂ ಖರೆ ಐತಿ ಬಿಡು" ಅಂತ ಅತ್ತಿ ಕಾಗದ ಮತ್ತ ಸೆರಗಿಗೆ ಕಟ್ಟಿದ್ಲು. ಎಮ್ಮಿ ಕೊರಳು ತಬ್ಬಿ ಹಿಡದು, ಸೂಜಿ ತನಗ ಚುಚ್ಚಾಕತ್ತಾರೇನೋ ಅನ್ನೂವಂಗ ಗಟ್ಟಿಯಾಗಿ ಕಣ್ಣು ಮುಚ್ಚಿದ್ಲು. ಎಮ್ಮಿ ಮೆಲಕ ಹಾಕ್ಕೋತ ನಿಂತಿತ್ತು. ಹೊತ್ತು ಮುಳಗೂದ್ರೊಳಗ ಬಾಟಲಿ ಎಲ್ಲಾ ಖಾಲಿ ಆದ್ವು.

೫. ಗಟ್ಟಿ ಮಸರು

ಬ್ಯಾನಿ ಬಂತು. ಸುತ್ತಲಿನ ಹಳ್ಳ್ಯಾಗ ತಿರಗಾಡಿತು, ಪಾಲಬಾವಿಯಾಗ ಅದರ ಆಟ ನಡೀಲಿಲ್ಲ. ಅತ್ತಿ ಎಮ್ಮಿ ಒಂದು ಹೊತ್ತಿನ ಹಾಲೂ ತಪ್ಪಿಸಲಿಲ್ಲ. ಆ ಸುದ್ದಿ ಕೇಳಿದ ದಿನಾ ನನಗ ಆದ ಸಂತೋಷ, ಏನ್ ಹೇಳ್ಲಿ, ನೌಕರಿ ಸಿಕ್ಕ ದಿನಾ ಸುದ್ದಾ ಆಗಿದ್ದಿಲ್ಲ.

ಮುಂದ ಒಂದಿನಾ ಅತ್ತಿ ಒಂದು ಗಡಿಗಿ ಗಟ್ಟಿ ಮಸರು ಹೊತಗೊಂಡು ದವಾಖಾನಿಗೇ ಬಂದ್ಲು. ಡಾಕ್ಟ್ರ ಮುಂದ ಇಟ್ಟು, "ನಮ್ಮ ಎಮ್ಮೀದ್ರಿ, ಊಟಕ್ಕ ಹೋದಾಗ ರೊಟ್ಟಿಗೆ ಹಚ್ಚಿಕೊಳ್ರಿ" ಅಂದ್ಲು. ಡಾಕ್ಟ್ರ ಮನಸು ಕರಗಿಬಿಡ್ತು. ಆ ಕಡೀ ಸಾಲು ಅವರ ಹೊಟ್ಟ್ಯಾಗ ಅವತ್ತಿಂದ ಚುಚ್ಚಾಕತ್ತಿತ್ತು, ನನಗ ಗೊತ್ತಿತ್ತು. ನಾ ಬ್ಯಾಡ ಬ್ಯಾಡ ಅಂತ ಕಣ್ಣಸನ್ನಿ ಮಾಡಿದ್ರೂ ಅವರು ಬಿಡಲಿಲ್ಲ.

"ಅಮ್ಮಾ, ನಿಮಗೊಂದು ನಿಜ ಹೇಳಿಬಿಡ್ತೀನಿ. ಅವತ್ತು ಕಡೇ ಸಾಲಿನ ಅರ್ಥ ಕೇಳಿದಿರಲ್ಲ, ಅದರಲ್ಲಿ ಏನೂ ಇರಲಿಲ್ಲ. ಎಮ್ಮೆ ಹಿಡಕೊಂಡು ಬನ್ನಿ, ಸೂಜಿ ಮಾಡಿಸಿ, ಅಷ್ಟೇ."

ಅತ್ತಿ ಒಮ್ಮೆ ಅವರನ್ನ ನೋಡಿದ್ಲು, ಒಮ್ಮೆ ನನ್ನ ನೋಡಿದ್ಲು. ಸೆರಗು ತಲಿ ಮ್ಯಾಲ ಎಳಕೊಂಡು, ಸಣ್ಣ ಹುಡುಗರಿಗೆ ಬುದ್ಧಿ ಹೇಳೂ ದನಿಯಾಗ ಅಂದ್ಲು:

"ಅಷ್ಟ ಇದ್ದದ್ದನ್ನ ನಮಗ ತಿಳಿಯೂವಂಗ ನೆಟ್ಟಗ ಬರಿಯೂದಲ್ಲೇನ್ರಿ ಸಾಹೇಬ್ರ? ಮೊದಲನೇ ಸೋಮವಾರನ ಬರ್ತಿದ್ವಿ."

ನಾ ಡಾಕ್ಟ್ರ ಮಾರಿ ನೋಡಿದೆ. ಡಾಕ್ಟ್ರು ಮಸರು ನೋಡಾಕತ್ತಿದ್ರು.