ನಮ್ಮ ಭಾವನ ಮ್ಯಾನಿಫೋಲ್ಡು

ನಮ್ಮ ಭಾವನಿಗೆ ಇಬ್ಬರು ಹೆಂಡಿರಿದ್ದರು. ಊರಿಗೆಲ್ಲ ಗೊತ್ತಿತ್ತು, ನನ್ನ ಅಕ್ಕನಿಗೂ ಗೊತ್ತಿತ್ತು. ಆದರೆ ಯಾರೂ ಏನೂ ಮಾಡುವಂತಿರಲಿಲ್ಲ. ಏಕೆಂದರೆ ಎರಡನೆಯವಳ ವಾಸ ಲಾರಿಯ ಬಾನೆಟ್ಟಿನೊಳಗೆ! ಅವಳ ಹೆಸರು ಮ್ಯಾನಿಫೋಲ್ಡ್. ಇಂಜಿನಿನ ಬಿಸಿ ಹೊಗೆಯನ್ನೆಲ್ಲ ಒಟ್ಟು ಮಾಡಿ ಸೈಲೆನ್ಸರಿನ ಕಡೆಗೆ ದಾಟಿಸುವ ಕಬ್ಬಿಣದ ಕೊಳವೆಗಳ ಗೊಂಚಲು ಅದು. ಎಲ್ಲರ ಲಾರಿಯಲ್ಲೂ ಇರುತ್ತದೆ. ಆದರೆ ಎಲ್ಲರೂ ಅದರ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಕಾಫಿ ಕುಡಿಯುವುದಿಲ್ಲ.

ಎಂಬತ್ತರ ದಶಕದ ಆರಂಭದ ಮಾತು. ಭಾವನ ಮನೆ ಸುಳ್ಯದಲ್ಲಿ. ಪುತ್ತೂರಿನಿಂದ ಹಂಚು ತುಂಬಿಕೊಂಡು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಮುಟ್ಟಿಸುವುದು ಅವರ ಕಸುಬು. ಲಾರಿ ಅವರಿಗಿಂತ ಹಿರಿಯದಿರಬೇಕು. ಘಾಟಿಯಲ್ಲಿ ಅದರ ವೇಗ ಎಷ್ಟೆಂದರೆ, ಹಿಂದೆ ಸಿಕ್ಕಿಬಿದ್ದ ಬಸ್ಸಿನ ಪ್ರಯಾಣಿಕರು ಇಳಿದು ನೆಲ್ಲಿಕಾಯಿ ಕೊಯ್ದು ಮತ್ತೆ ಹತ್ತುತ್ತಿದ್ದರಂತೆ! ಈ ಅವಮಾನ ತಾಳಲಾರದೆ ಭಾವ ಒಂದು ದಿನ ಗುಜರಿ ಅಂಗಡಿಯಿಂದ ಟರ್ಬೊ ತಂದರು. ಹೊಗೆಯ ಬಲದಿಂದಲೇ ತಿರುಗಿ ಇಂಜಿನಿಗೆ ಹೆಚ್ಚು ಗಾಳಿ ಊದುವ, ಬಸವನಹುಳದ ಆಕಾರದ ಯಂತ್ರ. ಯಾವುದೋ ಮಣ್ಣು ಅಗೆಯುವ ಯಂತ್ರದಿಂದ ಕಳಚಿದ್ದು. ಲಾರಿಯ ಹಳೆಯ ಮ್ಯಾನಿಫೋಲ್ಡಿಗೆ ಅದು ಕೂರಲಿಲ್ಲ. ಅಷ್ಟಕ್ಕೆ ಸುಮ್ಮನಾದರೆ ಅವರು ನಮ್ಮ ಭಾವ ಹೇಗಾದಾರು? ಪೈಪು ಕೊಯ್ದು, ಬೆಸುಗೆ ಹಾಕಿ, ತಾವೇ ಹೊಸ ಮ್ಯಾನಿಫೋಲ್ಡ್ ಮಾಡಿದರು.

ಲಾರಿ ಜಿಂಕೆಯಂತೆ ಓಡಿತು. ಜಾಲ್ಸೂರಿನವರೆಗೆ! ಅಲ್ಲಿ ಮ್ಯಾನಿಫೋಲ್ಡು ಬಿರುಕು ಬಿಟ್ಟು, ಲಾರಿ ಇಡೀ ಪೇಟೆಯ ಕಿವಿ ಹರಿಯುವಂತೆ ಬೊಬ್ಬೆ ಹೊಡೆಯಿತು. ಎರಡನೆಯ ಸಲ ಘಾಟಿಯ ಅರ್ಧ ದಾರಿಯವರೆಗೂ ಹೋಯಿತು. ಕೆಂಪಗೆ ಕಾದ ಕೊಳವೆ ಕಂಡು ಕ್ಲೀನರಿಗೆ ಕನಿಕರ ಹುಟ್ಟಿ, ತೊರೆಯಿಂದ ಒಂದು ಕೊಡ ನೀರು ತಂದು ಹೊಯ್ದ. ಟಪ್ಪೆಂದಿತು. ಕ್ಲೀನರು ಮರುದಿನವೇ ಬೇರೆ ಲಾರಿ ನೋಡಿಕೊಂಡ.

ಆ ಟಪ್ಪಿನಿಂದ ಭಾವನಿಗೆ ಜ್ಞಾನೋದಯವಾಯಿತು. ಬಿಸಿಯಾದದ್ದನ್ನು ತಟ್ಟನೆ ತಣಿಸಬಾರದು! ಅಂದಿನಿಂದ ಎಲ್ಲಿ ಹೋದರೂ ಲಾರಿ ನಿಲ್ಲಿಸಿ ಐದು ನಿಮಿಷ ಇಂಜಿನು ಹಾಗೇ ಓಡಲು ಬಿಟ್ಟು, ಆಮೇಲೆ ಬಂದ್ ಮಾಡುತ್ತಿದ್ದರು. ಲಾರಿಯಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಕ್ರಮ. ನಮ್ಮ ದೊಡ್ಡಪ್ಪ ಒಮ್ಮೆ ಮಟಮಟ ಮಧ್ಯಾಹ್ನ ಬಸ್ಸಿಳಿದು ನಡೆದು ಬಂದು, ಬೆವರೊರೆಸುತ್ತ ಚೊಂಬಿಗೆ ಕೈ ಚಾಚಿದರು. ಭಾವ ಚೊಂಬನ್ನು ಬೆನ್ನ ಹಿಂದೆ ಅಡಗಿಸಿದರು.

"ಐದು ನಿಮಿಷ ಕೂತ್ಕೊಳ್ಳಿ ದೊಡ್ಡಪ್ಪ. ಈಗಲೇ ತಣ್ಣೀರು ಬಿದ್ರೆ ಒಡೀತದೆ."

"ಎಂತ ಒಡೆಯುದು ಮಾರಾಯ?"

"ನೀವು!"

ದೊಡ್ಡಪ್ಪ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಕ ಅದನ್ನೂ ನುಂಗಿಕೊಂಡಳು. ನುಂಗಲಾಗದ್ದು ನಡೆದದ್ದು ನಾನು ರಜೆಯಲ್ಲಿ ಅಲ್ಲಿದ್ದಾಗ. ನಾನಾಗ ಕಡಬದ ನಮ್ಮ ಮನೆಯ ಹತ್ತಿರದ ಶಾಲೆಯಲ್ಲಿ ಹೊಸದಾಗಿ ಟೀಚರಾಗಿದ್ದೆ. ಪುತ್ತೂರಿನ ಮೆಕ್ಯಾನಿಕ್ ಒಬ್ಬರು, "ನೀರೂ ಅಲ್ಲ, ಮಣ್ಣೂ ಅಲ್ಲ, ನಿಮಗೆ ಬೋಲ್ಟು ಬಿಗಿ ಮಾಡ್ಲಿಕ್ಕೆ ಗೊತ್ತಿಲ್ಲ" ಎಂದು ನಾಲ್ಕು ಜನರೆದುರು ಭಾವನನ್ನು ಗೇಲಿ ಮಾಡಿದ್ದರು. ತಣ್ಣೀರಿಗೇ ಕಬ್ಬಿಣ ಒಡೆಯುತ್ತದೆಂಬುದಕ್ಕೆ ಪುರಾವೆ ಬೇಡವೇ? ಭಾವ ಮನೆಗೆ ಬಂದವರೇ ಅಕ್ಕನ ದೋಸೆ ಕಾವಲಿಯನ್ನು ಒಲೆಗಿಟ್ಟು ನಿಗಿನಿಗಿ ಕಾಯಿಸಿ, ಬಾವಿಯ ನೀರು ಹೊಯ್ದರು. ಕಾವಲಿ ಎರಡು ಹೋಳು!

"ಒಡೀತು! ನೋಡು, ಒಡೀತು! ನಾನು ಹೇಳಿದ್ದೇ ಸರಿ!" ಎಂದು ಅಡುಗೆಮನೆಯಲ್ಲೇ ಕುಣಿದರು.

ಆ ಕಾವಲಿ ನಮ್ಮ ಅಜ್ಜಿಯದ್ದು. ಅಜ್ಜಿ ಸಾಯುವ ಮೊದಲು ಅಕ್ಕನ ಕೈಗೆ ಕೊಟ್ಟದ್ದು.

ಅಕ್ಕ ಹೋಳುಗಳನ್ನೇ ನೋಡುತ್ತ ಕೇಳಿದಳು: "ನಿಮಗೆ ಆ ಟರ್ಬೊ ಬೇಕಾ, ನಾನು ಬೇಕಾ?"

ಸಾಮಾನ್ಯ ಗಂಡಸರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುತ್ತದೆ. ನಮ್ಮ ಭಾವ ಯೋಚಿಸಿದರು! ಯೋಚಿಸಿ, "ಅದು ಅದರಷ್ಟಕ್ಕೆ ಇರ್ತದೆ ಮಾರಾಯ್ತಿ. ನಿನಗೆ ಎಂತ ತೊಂದರೆ?" ಎಂದರು. ಅಕ್ಕ ಮರುದಿನ ಮೊದಲ ಬಸ್ಸಿಗೆ ನನ್ನ ಜೊತೆ ಕಡಬಕ್ಕೆ ಹೊರಟಳು. ಇನ್ನು ಆ ಮನೆಗೆ ತಾನು ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿದಳು. ಅಕ್ಕ ಸುಮ್ಮಸುಮ್ಮನೆ ಮಾತಾಡುವವಳಲ್ಲ. ನನಗೆ ಹೆದರಿಕೆಯಾಯಿತು.

ಹದಿನೈದು ದಿನ ಭಾವನ ಪತ್ತೆಯಿಲ್ಲ. ಸುದ್ದಿ ಮಾತ್ರ ಬಸ್ ಕಂಡಕ್ಟರುಗಳ ಬಾಯಿಂದ ಬರುತ್ತಿತ್ತು. ಟರ್ಬೊದ ಭಾರವೆಲ್ಲ ಕೊಳವೆಯ ಕುತ್ತಿಗೆಗೇ ಬೀಳುತ್ತಿತ್ತಂತೆ, ಈಗ ಕೆಳಗಿನಿಂದ ಕಬ್ಬಿಣದ ಆಧಾರ ಕೊಟ್ಟಿದ್ದಾರಂತೆ. ಕಾದ ಕಬ್ಬಿಣ ಉದ್ದವಾಗುತ್ತದೆಂದು ಬೋಲ್ಟಿನ ತೂತುಗಳನ್ನು ಅರದಿಂದ ಉಜ್ಜಿ ಅಗಲಿಸಿದ್ದಾರಂತೆ. ಬೆಸುಗೆ ಹಾಕಿದ ಮೇಲೆ ಬಾಣಂತಿಯ ಹಾಗೆ ಬಿಸಿ ಬೂದಿಯಲ್ಲಿ ಎರಡು ದಿನ ಮಲಗಿಸಿದ್ದರಂತೆ. "ಆ ಆರೈಕೆ ಅದಕ್ಕೇ ಇರಲಿ" ಎಂದು ಅಕ್ಕ ಒಳಗೆ ಹೋಗುತ್ತಿದ್ದಳು.

ಹದಿನಾರನೆಯ ದಿನ ಬೆಳಿಗ್ಗೆ ಲಾರಿ ನಮ್ಮ ಅಂಗಳಕ್ಕೇ ಬಂತು. ಅಪ್ಪ ಬೈಗುಳವನ್ನೆಲ್ಲ ಜೋಡಿಸಿಟ್ಟುಕೊಂಡು ಜಗಲಿಯಲ್ಲಿ ಸಿದ್ಧವಾಗಿದ್ದರು. ಭಾವ ಗಡ್ಡ ಬಿಟ್ಟಿದ್ದರು. ಮೈಯೆಲ್ಲ ಗ್ರೀಸು.

"ಮಾವ, ನಾನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ಲ. ಅವಳತ್ರ ಒಂದು ವಿಷಯ ಹೇಳ್ಲಿಕ್ಕುಂಟು, ಅಷ್ಟೇ," ಎಂದರು. ಅಪ್ಪನ ಬೈಗುಳ ಗಂಟಲಲ್ಲೇ ಉಳಿಯಿತು. ಅಕ್ಕ ಬಾಗಿಲ ಹಿಂದಿದ್ದಳು. ಭಾವ ಬಾಗಿಲಿಗೇ ಹೇಳಿದರು:

"ನಿನ್ನೆ ಪೂರಾ ಲೋಡಿನಲ್ಲಿ ಘಾಟಿ ಹತ್ತಿ ಇಳೀತು. ಒಡೆಯಲಿಲ್ಲ. ಎಲ್ಲೂ ಒಂದು ಗೆರೆ ಸಹ ಇಲ್ಲ. ಮನೆಗೆ ಬಂದು, 'ಏ, ಬಾ ಇಲ್ಲಿ, ನೋಡು' ಅಂತ ಕೂಗಿದೆ. ನೀನಿಲ್ಲ ಅಂತ ಮರ್ತೇ ಹೋಗಿತ್ತು." ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದರು. "ಹೇಳ್ಲಿಕ್ಕೆ ನೀನಿಲ್ಲದಿದ್ರೆ, ಅದು ಒಡೆಯದೆ ಇದ್ದು ಎಂತಕ್ಕೆ?"

ನಾನು ಅವರನ್ನು ಅಷ್ಟು ವರ್ಷ ಗೇಲಿ ಮಾಡಿದವಳು. ಆ ಕ್ಷಣ ನನ್ನ ಕಣ್ಣು ತುಂಬಿತು. ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಬಾನೆಟ್ ತೆಗೀರಿ," ಎಂದಳು.

ಮದುವೆಯಾದಂದಿನಿಂದ ಒಮ್ಮೆಯೂ ಅದರೊಳಗೆ ಇಣುಕದವಳು ಬಗ್ಗಿ, ತುಂಬ ಹೊತ್ತು ನೋಡಿದಳು. ಅವಳಿಗೆ ಏನು ತಿಳಿಯಿತೋ ದೇವರೇ ಬಲ್ಲ.

"ಇಷ್ಟು ಚಂದದ ಬೆಸುಗೆ, ನೀವೇ ಹಾಕಿದ್ದಾ?"

ಭಾವ ಹೌದೆಂದು ತಲೆಯಾಡಿಸಿದರು. ಮಾವನ ಎದುರಿಗೇ ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಸೆರಗಿನಿಂದ ಅವರ ಹಣೆಯ ಗ್ರೀಸು ಒರೆಸಿದಳು.

"ಇನ್ನು ಘಾಟಿ ಹತ್ತುವಾಗ ನನ್ನನ್ನೂ ಕರ್ಕೊಂಡು ಹೋಗಿ," ಎಂದಳು.